ರಾಣಿಯನ್ನು ವಾಪಸು ಕಳಿಸಿದವಳು

ಸುಧಾ, ಆ ಕಥೆಯ ರಾಣಿ ಗಂಡನ ಬಳಿಗೆ ವಾಪಸು ಹೋಗಲೇ ಇಲ್ಲ. ನಾನು ನಿನಗೆ ಸುಳ್ಳು ಹೇಳಿದೆ.

ಅವತ್ತಿನ ಬೆಳಗು ಎಂದಿನಂತೆಯೇ ಇತ್ತು. ಹಾಲು ಕಾಯಿಸಿ, ಮಕ್ಕಳನ್ನು ಸ್ಕೂಲ್ ವ್ಯಾನಿಗೆ ಹತ್ತಿಸಿ, ಹೊಗೆಸೊಪ್ಪು ಒಣಗಿಸುವ ಬ್ಯಾರನ್ ಮನೆಯ ಮುಂದಿನ ಚಪ್ಪರಕ್ಕೆ ಬಂದೆ. ನೀನು, ಅತ್ತೆ, ಕೂಲಿಗೆ ಬಂದಿದ್ದ ಚೆಲುವಮ್ಮ ಆಗಲೇ ಹಸಿ ಎಲೆಗಳನ್ನು ಕಡ್ಡಿಗೆ ಕಟ್ಟುತ್ತಿದ್ದಿರಿ. ಎಲೆಯ ಅಂಟಿಗೆ ಬೆರಳೆಲ್ಲ ಕಪ್ಪಾಗುತ್ತವಲ್ಲ—ಪುಸ್ತಕ ಮುಟ್ಟುವಂತಿಲ್ಲ. ಹಾಗಾಗಿ ಇಂಗ್ಲಿಷಿನಲ್ಲಿ ಓದಿಟ್ಟುಕೊಂಡಿದ್ದ ಮಾಯಾಲೋಕದ ಕಾದಂಬರಿಯನ್ನು ನೆನಪಿನಿಂದಲೇ ಕನ್ನಡದಲ್ಲಿ ಹೇಳುತ್ತಿದ್ದೆ. ಸರಿಯೋ ತಪ್ಪೋ ಎಂದು ಕೇಳುವವರು ಯಾರೂ ಇರಲಿಲ್ಲ.

ಮಿರ್ಲೆಯ ಗಂಡನ ಮನೆ ಬಿಟ್ಟು ನೀನು ತವರಿಗೆ ಬಂದು ತಿಂಗಳಾಗಿತ್ತು. ಯಾಕೆಂದು ನೀನು ಹೇಳಿರಲಿಲ್ಲ. ಆದರೆ ಬ್ಯಾರನ್ನಿನ ಆ ಸೆಕೆಯಲ್ಲೂ ನೀನು ಉದ್ದ ತೋಳಿನ ರವಿಕೆ ತೊಡುತ್ತಿದ್ದೆ—ನಾನು ನೋಡಿದ್ದೆ.

ಗುಲಾಮರು ಸಂಕೋಲೆ ಒಡೆದ ಭಾಗ ಬಂದಾಗ ಚೆಲುವಮ್ಮ ಕಡ್ಡಿ ಬಿಟ್ಟು ಚಪ್ಪಾಳೆ ತಟ್ಟಿದಳು. “ಅಂಗ್ ಮಾಡ್ಬೇಕು ಕಣವ್ವ! ನಮ್ ತಾತ ಜೀತಕ್ಕಿದ್ದಾಗ ಈ ಕತೆ ಯಾರೂ ಯೋಳ್ನಿಲ್ವಲ್ಲ!”

ಅತ್ತೆಯೂ ನಕ್ಕರು. ಆಗ ನೀನು ತಲೆ ಎತ್ತದೆ ಕೇಳಿದೆ—“ಮತ್ತೆ ರಾಣಿ, ಅತ್ಗೆ? ರಾಜ ಕೋಣೇಲಿ ಕೂಡಾಕಿದ್ನಲ್ಲ... ಅವ್ಳೂ ವೋದ್ಲಾ?”

ಅತ್ತೆಯ ನಗು ನಿಂತಿತು.

ಈ ಮಾಯಾಲೋಕದ ದಪ್ಪ ಪುಸ್ತಕಗಳ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಎರಡು ಚಂದ್ರರನ್ನು ತೂಗುಹಾಕಬಲ್ಲವರು, ಬೆಂಕಿಯುಗುಳುವ ಹಾವಿಗೆ ರೆಕ್ಕೆ ಕೊಡಬಲ್ಲವರು—ಹೆಂಗಸು ಮೊದಲು ಊಟಕ್ಕೆ ಕೂರುವ ಒಂದು ಮನೆಯನ್ನು ಕಲ್ಪಿಸಲಾರರು. ಗುಲಾಮಗಿರಿ ಅಲ್ಲಿ ಅನ್ಯಾಯ. ಅದಕ್ಕೆ ಸಂಕೋಲೆಯಿದೆ, ಸಂತೆಯಿದೆ, ಕೊನೆಗೊಂದು ದಂಗೆಯೂ ಇದೆ. ಗಂಡನ ದರ್ಬಾರು ಮಾತ್ರ ಬಿಸಿಲು ಮಳೆಯ ಹಾಗೆ, ಇದ್ದೇ ಇರುತ್ತದೆ! ಅಪರೂಪಕ್ಕೆ ಈ ಒಂದು ಪುಸ್ತಕದಲ್ಲಿ ರಾಣಿ ಬಾಗಿಲು ಒಡೆದು ಹೋಗಿದ್ದಳು. ಅವಳನ್ನೂ ನಾನು ಬಿಡಲಿಲ್ಲ.

“ವಾಪಸ್ ಹೋದ್ಲು ಸುಧಾ. ರಾಜ ಬದಲಾದ.”

ಮಧ್ಯಾಹ್ನದ ಬಸ್ಸಿಗೆ ನೀನು ಹೊರಟೆ. ಅತ್ತೆಗೆ ಹೆದರಿ ಆ ಸುಳ್ಳು ಹೇಳಿದೆ ಎನ್ನಬಹುದಿತ್ತು. ಅಲ್ಲ—ನೀನು ಇಲ್ಲೇ ಉಳಿದುಬಿಟ್ಟರೆ, ನನ್ನ ಅಡುಗೆಮನೆಯಲ್ಲಿ ಇನ್ನೊಬ್ಬಳು... ಇಷ್ಟೇ. ಇಷ್ಟು ಸಣ್ಣದಕ್ಕೆ. ಗುಲಾಮರಿಗಾಗಿ ಪುಟಪುಟಕ್ಕೂ ಅತ್ತವಳು ನಾನು.

ಈಗ ಗೌರಿ ಹಬ್ಬಕ್ಕೆ ಬಂದರೂ ನೀನು ಕೂರುವುದಿಲ್ಲ, ಗಡಿಯಾರ ನೋಡುತ್ತೀ. ನಾಡಿದ್ದು ಮಿರ್ಲೆಗೆ ಬರುತ್ತೇನೆ. ನಿನ್ನ ಗಂಡ ಎದುರಿಗಿದ್ದರೂ ರಾಣಿ ಬಾಗಿಲು ಒಡೆದು ಹೋದಳೆಂದು ಹೇಳುತ್ತೇನೆ. ಬಾ, ನನ್ನ ಜೊತೆಗೇ ಇರು ಎಂದೂ ಹೇಳುತ್ತೇನೆ—ಅವತ್ತೇ ಹೇಳಬೇಕಿದ್ದ ಮಾತು. ನೀನು ಕ್ಷಮಿಸಬೇಕಿಲ್ಲ.

ಅವತ್ತು ಸಂಜೆ, ನಿನ್ನ ಬಸ್ಸು ಕೆ.ಆರ್.ನಗರ ದಾಟಿರಬಹುದಾದ ಹೊತ್ತಿಗೆ, ಪಕ್ಕದ ಮನೆಯ ಜಯಮ್ಮ ಕರಿಬೇವಿಗೆಂದು ಬಂದಿದ್ದಳು. ಎಲೆ ಬಿಡಿಸುತ್ತಾ ಅಂದಳು:

“ನಿಮ್ ಕತೆ ಕೇಳಿ ಸುಧಾ ಗಂಡನ್ ಮನೆಗೋದ್ಲು ಅಂತಿದ್ರು ನಿಮ್ಮತ್ತೆ. ನಮ್ ಸೊಸೇನೂ ಮೂತಿ ಊದಿಸ್ಕಂಡ್ ಕೂತವ್ಳೆ ಕಣ್ರೀ. ಅವ್ಳಿಗೂ ಅಂಥದ್ದೇ ಒಂದ್ ಯೋಳ್ಬುಡಿ.”