ಬೇವಿನ ಮರಕ್ಕೆ ಅಮ್ಮ ಬಂದ ವರ್ಷ

ಯುಗಾದಿಗೆಂದು ಬಂಗಾರಪೇಟೆಯ ಅಂಗಡಿಯಿಂದ ಒಣಗಿದ ಬೇವಿನ ಹೂವಿನ ಪ್ಯಾಕೆಟ್ ತಂದೆ. ಬೇವಿನ ಹೂವನ್ನೂ ಅಂಗಡಿಯಿಂದ ತರುವ ಕಾಲ ಬಂತಲ್ಲ ಎಂದು ಗೊಣಗುತ್ತಲೇ ಪ್ಯಾಕೆಟ್ ಕತ್ತರಿಸಿದೆ. ಆ ಕಹಿ ವಾಸನೆ ಮೂಗಿಗೆ ಬಡಿದದ್ದೇ ತಡ, ಊರಿಗಾಂನ ಎದುರುಮನೆ ಅಜ್ಜಿ ನೆನಪಾದರು. ಹಳೇ ಸೀರೆಯ ಮೇಲೆ ಹೂ ಹರವಿ, ಕೋಳಿ ಓಡಿಸುತ್ತ ಕೂತಿರುತ್ತಿದ್ದರು... ದುಃಖ ಬರುತ್ತದೇನೋ ಎಂದು ಕಾದೆ. ಬರಲಿಲ್ಲ. ಹೂವನ್ನು ಡಬ್ಬಿಗೆ ಸುರಿದು ಮುಚ್ಚಳ ಹಾಕಿದೆ.

ನಮ್ಮ ಯಜಮಾನರಿಗೆ ಕೆಜಿಎಫ್‌ನಲ್ಲಿ ಕಾರ್ಖಾನೆ ಕೆಲಸ. ದಾವಣಗೆರೆ ಕಡೆಯಿಂದ ಬಂದ ನಾವು ಊರಿಗಾಂನಲ್ಲಿ ಗಣಿ ಕಾರ್ಮಿಕರಿಗೆ ಕಟ್ಟಿದ್ದ ಹಳೇ ಸಾಲುಮನೆಗಳ ಲೈನಿನಲ್ಲಿ ಬಾಡಿಗೆಗಿದ್ದೆವು. ಎದುರುಮನೆಯಲ್ಲಿ ಅಜ್ಜಿ, ಅವರ ಮಗಳು, ಒಂದಷ್ಟು ಕೋಳಿ. ಅಜ್ಜಿಯ ತವರು ಕಾಮಸಮುದ್ರದ ಕಡೆ. ನನ್ನ ಜೊತೆ ಕನ್ನಡ, ಪಕ್ಕದ ಮನೆಯವರ ಜೊತೆ ತಮಿಳು, ಕೋಳಿಗಳನ್ನು ಬೈಯಲು ಮಾತ್ರ ತೆಲುಗು. ಅವರ ಬಾಗಿಲ ಮುಂದಿನ ಬೇವನ್ನು ಗಣಿಯಲ್ಲಿ ದುಡಿಯುತ್ತಿದ್ದ ಅವರ ಗಂಡ ನೆಟ್ಟಿದ್ದರಂತೆ. ಲೈನಿನ ಯಾವ ಮಗುವಿಗೆ ಅಮ್ಮ ಬಂದು ಮೈತುಂಬ ಗುಳ್ಳೆ ಎದ್ದರೂ ಹಾಸಲು ಸೊಪ್ಪು ಆ ಮರದ್ದೇ. ಕತ್ತಿ ತಾಗಿಸುವಂತಿರಲಿಲ್ಲ, ಕೈಯಲ್ಲೇ ಮುರಿದುಕೊಳ್ಳಬೇಕು.

ಒಂದು ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಆ ಮರದ ತುದಿಗಳೆಲ್ಲ ಕಂದಿದವು. ಒಣಗುವುದು ಮೇಲಿನಿಂದ ಕೆಳಕ್ಕೆ ಇಳಿಯುತ್ತ ಬಂದು, ಇಡೀ ಮರ ಬೆಂಕಿಯಲ್ಲಿ ಬೆಂದ ಹಾಗೆ ಕಂಡಿತು. ಕ್ಯಾಸಂಬಳ್ಳಿ ದಾರಿಯ ಬೇವುಗಳೂ ಹಾಗೇ ಆಗಿದ್ದವು. ಯಜಮಾನರು ತಿಳಿದವರನ್ನು ವಿಚಾರಿಸಿಕೊಂಡು ಬಂದರು. ಇದು ಬೂಷ್ಟಿನಿಂದ ಬರುವ ರೋಗ, ಜೊತೆಗೆ ಚಿಗುರಿನ ರಸ ಹೀರುವ ಸೊಳ್ಳೆಯಂಥ ಕೀಟವೂ ಇದೆ, ಒಣಗಿದ ತುದಿ ಕತ್ತರಿಸಿ ಸುಟ್ಟು ಔಷಧಿ ಹೊಡೆಯಬೇಕು ಎಂದರು. ಅಜ್ಜಿ ಸುತರಾಂ ಒಪ್ಪಲಿಲ್ಲ.

“ಮರಕ್ಕೆ ಅಮ್ಮ ಬಂದೈತೆ ಕಣಮ್ಮಾ. ಅಮ್ಮ ಬಂದೋರ್ಗೆ ಯಾರಾನ ಔಷ್ದಿ ಒಡೀತಾರಾ? ತಣ್ಣಗೆ ನೋಡ್ಕಂಡ್ರೆ ತಾನೇ ಇಳೀತಾಳೆ.”

ನನಗೆ ನಗು ಬಂತು. ಅಜ್ಜಿ ನಗಲಿಲ್ಲ. ಅವರ ಮನೆಯಲ್ಲಿ ಒಗ್ಗರಣೆ ನಿಂತಿತು, ಕೋಳಿ ಕೊಯ್ಯುವುದು ನಿಂತಿತು. ಮರದ ಬುಡಕ್ಕೆ ದಿನಾ ಮಜ್ಜಿಗೆ, ರಾಗಿ ಅಂಬಲಿ. ಬೇವಿಗೇ ಹಾಸಲು ಬೇವಿನ ಸೊಪ್ಪು ಎಲ್ಲಿಂದ ತರುವುದು? ಬಸ್ಸು ಹತ್ತಿ ತವರಿಗೆ ಹೋಗಿ, ಹುಡುಕಿ ಹುಡುಕಿ ಹಸಿರು ಕೊಂಬೆ ತಂದು ಬುಡದ ಸುತ್ತ ಹಾಸಿದರು. ಸಾವಿನ ಮನೆಗೆ ಹೋಗಿಬಂದವರು ಆ ಕಡೆ ಸುಳಿದರೆ ಬೈಗುಳದ ಸುರಿಮಳೆ.

ಶಿವರಾತ್ರಿ ಕಳೆದ ಮೇಲೆ ಮರ ಚಿಗುರಿತು! ಅಜ್ಜಿಯ ಮುಖ ನೋಡಬೇಕಿತ್ತು. ವಾಸಿಯಾದ ಮಗುವಿಗೆ ತಲೆಗೆ ನೀರು ಹಾಕುವ ಹಾಗೆ ಬಿಂದಿಗೆಗಟ್ಟಲೆ ಅರಿಸಿನದ ನೀರು ಹುಯ್ದು, ಲೈನಿಗೆಲ್ಲ ಮೊಸರನ್ನ ಹಂಚಿದರು. “ನಿಮ್ ಔಷ್ದಿ ಸಾಹೇಬ್ರಿಗೂ ಕೊಡಮ್ಮಾ” ಎಂದು ಕಿಚಾಯಿಸಿದರು. ನಾವೂ ತಿಂದೆವು, ಚೆನ್ನಾಗಿತ್ತು.

ಮುಂದಿನ ಮಳೆಗಾಲ ಕಳೆದಾಗ ಮರ ಮತ್ತೆ ಒಣಗತೊಡಗಿತು. ಈ ಸಲ ಅಜ್ಜಿ ಮಜ್ಜಿಗೆ ಹುಯ್ಯಲಿಲ್ಲ. ಅಮ್ಮ ಒಬ್ಬರಿಗೆ ಒಂದೇ ಸಲ ಬರುವುದು, ಆಮೇಲೆ ಆ ಮೈ ಮುಟ್ಟುವುದಿಲ್ಲ ಎಂದು ಲೈನಿನ ತಾಯಂದಿರಿಗೆಲ್ಲ ಧೈರ್ಯ ಹೇಳುತ್ತಿದ್ದವರು ಅವರೇ. ಜಗಲಿಯಲ್ಲಿ ಸುಮ್ಮನೆ ಕೂತು ಮರ ನೋಡುತ್ತಿದ್ದರು. ಒಂದು ಸಂಜೆ ನಮ್ಮ ಬಾಗಿಲಿಗೆ ಬಂದು ನಿಂತರು.

“ಇದು ಅಮ್ಮ ಅಲ್ಲ ಕಣಮ್ಮಾ... ಆ ಔಷ್ದಿ ಇನ್ನೂ ಸಿಕ್ತದಾ?”

ಯಜಮಾನರು ಪಂಪು ತಂದು ಹೊಡೆಸಿದರು. ಅರ್ಧ ಮರಕ್ಕೂ ಎಟುಕಲಿಲ್ಲ. ತುದಿ ಕತ್ತರಿಸಲು ಆಳು ಮರ ಹತ್ತಿದಾಗ ಅಜ್ಜಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಕತ್ತಿಯ ಸದ್ದು ಲೈನಿಗೆಲ್ಲ ಕೇಳುತ್ತಿತ್ತು.

ಆ ಚಳಿಯಲ್ಲಿ ಅಜ್ಜಿ ಹಾಸಿಗೆ ಹಿಡಿದರು. ಗಂಜಿ ತೆಗೆದುಕೊಂಡು ಹೋದಾಗಲೆಲ್ಲ ಒಂದೇ ಪ್ರಶ್ನೆ.

“ಚಿಗುರೈತಾ?”

“ಇನ್ನೂ ಇಲ್ಲ ಅಜ್ಜಿ.”

ಗೋಡೆ ಕಡೆ ಹೊರಳುತ್ತಿದ್ದರು. ಸಂಕ್ರಾಂತಿ ಕಳೆದು ಸ್ವಲ್ಪ ದಿನಕ್ಕೆ ಹೋಗಿಬಿಟ್ಟರು. ನಾನು ಅಳಲಿಲ್ಲ. ಬಂದವರಿಗೆಲ್ಲ ಕಾಫಿ ಮಾಡಿಕೊಟ್ಟೆ, ಲೋಟ ತೊಳೆದೆ.

ಶಿವರಾತ್ರಿಯ ಮಾರನೇ ದಿನ ಕಸ ಗುಡಿಸುತ್ತ ತಲೆ ಎತ್ತಿದರೆ, ಕತ್ತರಿಸಿದ ಕಡೆಯೆಲ್ಲ ಕೆಂಪು ಚಿಗುರು. ಪೊರಕೆ ಹಿಡಿದುಕೊಂಡೇ ರಸ್ತೆ ದಾಟಿ “ಅಜ್ಜೀ” ಎಂದು ಕೂಗಿಬಿಟ್ಟೆ. ಬಾಗಿಲಿಗೆ ಬಂದ ಮಗಳು ನನ್ನ ಮುಖ ನೋಡಿದಳು, ಮರ ನೋಡಿದಳು.

ಈಗ ನಾವು ಬಂಗಾರಪೇಟೆಯಲ್ಲಿದ್ದೇವೆ. ಮೊನ್ನೆ ಊರಿಗಾಂಗೆ ಹೋಗಿದ್ದೆ. ಮರ ಇದೆ. ಮೇಲೆಲ್ಲ ಬರೀ ಕಡ್ಡಿ, ಕೆಳಗಿನ ಕೊಂಬೆಗಳಲ್ಲಿ ಒಂದಿಷ್ಟು ಹಸಿರು, ಹೂ ಇಲ್ಲ.

“ವರ್ಸಾ ವರ್ಸಾ ಚಿಗುರ್ತದೆ, ವರ್ಸಾ ವರ್ಸಾ ಒಣಗ್ತದೆ ಅಕ್ಕಾ” ಎಂದಳು ಮಗಳು. “ಈಗೀಗ ಚಿಗುರಿದ್ರೂ ಏನೂ ಅನ್ಸಲ್ಲ.”

ನನಗೂ ಏನೂ ಅನ್ನಿಸಲಿಲ್ಲ. ಆ ನಾಲ್ಕು ಎಲೆಗೆ ಊರಿಗೆಲ್ಲ ಮೊಸರನ್ನ ಹಂಚುವವರು ಒಬ್ಬರಿದ್ದರು. ಅವರಿಲ್ಲ. ಬಸ್ಸಿಗೆ ಹೊತ್ತಾಯಿತೆಂದು ಹೇಳಿ ಹೊರಟುಬಂದೆ.