ಜ್ವರ ಇಳಿದ ಮಧ್ಯಾಹ್ನ

ಕುಷ್ಟಗಿಯ ಉಮರಸಾಬ ಗಾದಿ ತುಂಬುವವನು. ಹತ್ತಿ ಹಿಂಜುವ ಯಂತ್ರವನ್ನು ಟಂಟಂ ಗಾಡಿಯಲ್ಲಿ ಹೇರಿಕೊಂಡು ಯಲಬುರ್ಗಾ ಕಡೆಯ ಹಳ್ಳಿಗಳನ್ನು ಸುತ್ತುತ್ತಿದ್ದ. ಹಳೆಯ ಗಾದಿ ಬಿಚ್ಚಿ, ಗಂಟುಗಟ್ಟಿದ ಹತ್ತಿಯನ್ನು ಹಿಂಜಿ, ಹೊಸ ಬಟ್ಟೆಯಲ್ಲಿ ತುಂಬಿ ಹೊಲಿದು ಕೊಡುತ್ತಿದ್ದ. ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿ ಅವನ ಜೊತೆ ಇದ್ದವರು ಮಗಳು ನಸೀಮಾಬಿ ಮತ್ತು ಅವಳ ಆರು ವರ್ಷದ ಮಗಳು ಇರ್ಫಾನಾ. ಅಳಿಯ ರಫೀ ಬೋರ್‌ವೆಲ್ ಲಾರಿಯ ಜೊತೆ ತಿಂಗಳುಗಟ್ಟಲೆ ಹೊರಗೇ ಇರುತ್ತಿದ್ದ. ಹೀಗಾಗಿ ಹುಡುಗಿಗೆ ಅಜ್ಜನೇ ಎಲ್ಲ. ಅವಳು ಕೇಳಿದ್ದಕ್ಕೆ ಅವನು ಒಲ್ಲೆ ಅಂದದ್ದಿಲ್ಲ. ಶಾಲೆ ಬೇಡವೆಂದು ಹಟ ಹಿಡಿದ ದಿನ ಗಾಡಿಯಲ್ಲಿ ಕೂರಿಸಿಕೊಂಡು ಹೊರಟುಬಿಡುತ್ತಿದ್ದ. ಅವಳು ಹತ್ತಿಯ ಗುಡ್ಡೆಯಲ್ಲಿ ಉರುಳಾಡಿ ತಲೆಯೆಲ್ಲ ಬೆಳ್ಳಗೆ ಮಾಡಿಕೊಂಡು ಬರುತ್ತಿದ್ದಳು.

ಮಳೆಗಾಲದ ಕೊನೆಗೆ ಅವಳಿಗೆ ಜ್ವರ ಬಂತು. ಊರ ಡಾಕ್ಟರು ರಕ್ತ ನೋಡಿ, ಡೆಂಗಿ ಎಂದು ಕೊಪ್ಪಳಕ್ಕೆ ಕಳಿಸಿದರು. ಅಲ್ಲಿನ ಒಂದು ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಹುಡುಗಿ ಕೆಂಡದಂಥ ಮೈಯಲ್ಲಿ ಕಣ್ಣುಮುಚ್ಚಿ ಮಲಗಿದಳು. ನಸೀಮಾಬಿ ಒದ್ದೆ ಬಟ್ಟೆಯಿಂದ ಒರೆಸುತ್ತಲೇ ಇದ್ದಳು. ಅಜ್ಜ ಮಂಚದ ಪಕ್ಕ ನೆಲದ ಮೇಲೆ ಕೂತು, ಸಲೈನು ತೊಟ್ಟಿಕ್ಕುವುದನ್ನೇ ನೋಡುತ್ತಿದ್ದ.

ಆಮೇಲೆ ಒಂದು ಮಧ್ಯಾಹ್ನ ಜ್ವರ ಇಳಿಯಿತು. ಇರ್ಫಾನಾ ಎದ್ದು ಕೂತು ಬಿಸ್ಕೀಟು ತಿಂದಳು. ಮತ್ತೆ ರಕ್ತ ತೆಗೆಯಲು ಬಂದವರನ್ನು ಕಂಡು ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು. ಎರಡೂ ಕೈ ಸೂಜಿ ಚುಚ್ಚಿ ಚುಚ್ಚಿ ನೀಲಿಗಟ್ಟಿದ್ದವು.

"ಅಜ್ಜಾ, ಮನಿಗೆ ಹೋಗೂನು. ನನಗ ಆರಾಮ ಆಗೇತಿ."

ಉಮರಸಾಬ ನರ್ಸ್ ಶಿವಲಿಂಗಮ್ಮನ ಹತ್ತಿರ ಹೋದ. "ಡಿಸ್ಚಾರ್ಜ್ ಮಾಡ್ರಿ ಸಿಸ್ಟರ್. ಹುಡುಗಿ ಆರಾಮ ಆಗ್ಯಾಳ."

"ಈ ಜಡ್ಡಿನಾಗ ಜ್ವರ ಇಳದ ಮ್ಯಾಲೇ ಅಂಜಿಕಿ ಜಾಸ್ತಿ ಅಜ್ಜಾರ. ಇನ್ನೆರಡು ದಿನ ಇರ್ರಿ."

ಡಾಕ್ಟರೂ ಬಂದು ಅದನ್ನೇ ಹೇಳಿದರು. ಉಮರಸಾಬ ಹೂಂ ಎಂದು ತಲೆಯಾಡಿಸಿದ. ಆದರೆ ಒಳಗೆ ಹುಡುಗಿ ಅಳುತ್ತಿದ್ದಳು, ಅವನ ಕಿವಿ ಅಲ್ಲೇ ಇತ್ತು. ಮೈ ಸುಟ್ಟರೆ ರೋಗ, ತಂಪಾದರೆ ಗುಣ. ಅವನು ಬಲ್ಲದ್ದು ಅಷ್ಟೇ. ನಮ್ಮ ಜವಾಬ್ದಾರಿಯ ಮೇಲೆ ಕರೆದೊಯ್ಯುತ್ತೇವೆ ಎಂದು ಸಹಿ ಮಾಡಿದ. ಶಿವಲಿಂಗಮ್ಮ ಬಾಗಿಲತನಕ ಬಂದಳು. "ಹೊಟ್ಟಿ ನೋವು ಅಂದ್ಲಂದ್ರ ತಡಾ ಮಾಡಬ್ಯಾಡ್ರಿ, ತಿರುಗಿ ಬರ್ರಿ."

ಮರುದಿನ ಬೆಳಿಗ್ಗೆ ಹುಡುಗಿ ಹೊಟ್ಟೆನೋವು ಅಂದಳು. ಬಹಳ ದಿನದ ಮೇಲೆ ಉಂಡಿದ್ದಾಳೆ, ಅದಕ್ಕೇ ಇರಬೇಕು ಎಂದು ಅಜ್ಜ ಜೀರಿಗೆ ನೀರು ಕುಡಿಸಿದ. ಮತ್ತೆ ಸೂಜಿಗೆ ಒಯ್ಯಲು ಅವನಿಗೆ ಮನಸ್ಸೇ ಬರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕೈಕಾಲು ತಣ್ಣಗಾದವು. ಕುಷ್ಟಗಿಯ ಆಸ್ಪತ್ರೆಯವರು ಸಲೈನು ಹಚ್ಚಿ ಆಂಬುಲೆನ್ಸ್ ಹತ್ತಿಸಿದರು. ಕೊಪ್ಪಳ ಇನ್ನೂ ದೂರವಿತ್ತು. ನಸೀಮಾಬಿಯ ತೊಡೆಯ ಮೇಲೆ ಇರ್ಫಾನಾಳ ಉಸಿರು ನಿಂತಿತು.

ರಫೀ ಬರುವವರೆಗೆ ಮಣ್ಣು ಮಾಡದೆ ಕಾದರು. ಅವನು ಬಂದು ಮಾವನ ಕೈ ಹಿಡಿದುಕೊಂಡು ಕೂತನೇ ಹೊರತು ಏನೂ ಕೇಳಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಉಮರಸಾಬನಿಗೆ.

ತಿಂಗಳುಗಳ ಮೇಲೆ ಅವನು ಮತ್ತೆ ಗಾಡಿ ತೆಗೆದ. ಹೋದ ಮನೆಯಲ್ಲಿ ಮಗು ಮಲಗಿದ್ದು ಕಂಡರೆ ಹೊಲಿಗೆ ನಿಲ್ಲಿಸಿ, "ಜ್ವರ ಐತೇನವ್ವಾ?" ಎಂದು ಕೇಳುತ್ತಿದ್ದ. ಇಳಿದಿದೆ ಎಂದರೂ ಬಿಡುತ್ತಿರಲಿಲ್ಲ. ಡಾಕ್ಟರಿಗೆ ತೋರಿಸಿರೆಂದು ಹಿಂದೆ ಬೀಳುತ್ತಿದ್ದ. ಕೆಲವರು ತೋರಿಸಿದರು. ಕೆಲವರು, ಬಂದ ಕೆಲಸ ನೋಡು ಸಾಬಾ ಅಂದರು.

ಮನೆಯಲ್ಲಿ ಮಾತ್ರ ತಂದೆ ಮಗಳ ನಡುವೆ ಮಾತೇ ಸತ್ತುಹೋಗಿತ್ತು. ಅವಳು ತನ್ನನ್ನು ಕ್ಷಮಿಸಿಲ್ಲ ಎಂದೇ ಅವನು ತಿಳಿದಿದ್ದ. ಒಂದು ಸಂಜೆ ರೊಟ್ಟಿ ಬಡಿಯುತ್ತಿದ್ದವಳು ತಲೆ ಎತ್ತದೆ ಹೇಳಿದಳು.

"ಅಪ್ಪಾ, ಆಕಿ ಮನಿಗೆ ಹೋಗೂನು ಅಂತ ನನಗೂ ಕೇಳಿದ್ಲು. ನೀ ಸಹಿ ಮಾಡಾಕ ಹೋಗೂಕಿಂತ ಮೊದಲ ನಾ ಚೀಲ ಕಟ್ಟಿದ್ದೆ."

ಉಣ್ಣುತ್ತಿದ್ದ ಉಮರಸಾಬನ ಕೈ ಗಂಗಾಳದಲ್ಲೇ ನಿಂತಿತು. "ನೀ ತಾಯಿ ಇದ್ದಿ. ತಡಿಯೂದು ನನ್ನ ಕೆಲಸ ಆಗಿತ್ತವ್ವಾ."

ಹಂಚಿನ ಮೇಲಿನ ರೊಟ್ಟಿ ಸೀಯುತ್ತಿತ್ತು. ನಸೀಮಾಬಿ ಒಲೆ ಆರಿಸಿ, ಬಂದು ಅಪ್ಪನ ಪಕ್ಕ ಕೂತಳು. ಹುಡುಗಿ ಹೋದ ಮೇಲೆ ಅವರಿಬ್ಬರೂ ಜೊತೆಗೆ ಅತ್ತದ್ದು ಆ ಸಂಜೆಯೇ.