ಮಾವ ನೋಡದೆ ಹೇಳಿದ ಊರು

ನನ್ನ ಸೋದರಮಾವನಿಗೆ ಏಣಿ ಕಂಡರೆ ಆಗುವುದಿಲ್ಲ. ಏಣಿಯ ಮಾತು ಹಾಗಿರಲಿ, ಸ್ಟೂಲು ಹತ್ತಿದರೂ ಅವನ ಕಾಲು ನಡುಗುತ್ತದೆ. ಮನೆಯಲ್ಲಿ ಬಲ್ಬು ಕೆಟ್ಟರೆ ಅತ್ತೆಯೇ ಹತ್ತಿ ಹಾಕಬೇಕು. ಮಾವ ಕೆಳಗೆ ಸ್ಟೂಲಿನ ಕಾಲು ಹಿಡಿದುಕೊಂಡು, ಮೇಲಕ್ಕೂ ನೋಡದೆ, "ಹುಷಾರು ಕಣೇ, ಹುಷಾರು" ಎನ್ನುತ್ತಿರುತ್ತಾನೆ. ಇಂಥವನಿಗೆ ದೇವರು ಹುಡುಕಿ ಹುಡುಕಿ ಕೊಟ್ಟ ಕೆಲಸ ಎಲ್ಲಿ ಅಂತೀರಿ? ನಗರದ ನಟ್ಟನಡುವೆ, ನಲವತ್ತು ಮಹಡಿಯ ಕಟ್ಟಡದ ನೆತ್ತಿಯ ಮೇಲೆ!

ಆ ನೆತ್ತಿಯ ಮೇಲೊಂದು ರೆಸ್ಟೋರೆಂಟ್ ಇದೆ, ಪಕ್ಕದಲ್ಲೇ ಬಾರು. ಮೇಲೆ ಸೂರಿಲ್ಲ, ಸುತ್ತ ಎದೆಮಟ್ಟದ ಗಾಜಿನ ಗೋಡೆ. ಜನ ಅಲ್ಲಿಗೆ ಬರುವುದು ಹೊಟ್ಟೆ ತುಂಬಿಸಿಕೊಳ್ಳುವುದಕ್ಕಲ್ಲ, ಕಣ್ಣು ತುಂಬಿಸಿಕೊಳ್ಳುವುದಕ್ಕೆ. ಮಾವ ಅಲ್ಲಿ ಬ್ರೆಡ್ಡು ಮಾಡುತ್ತಾನೆ. ಮೊದಲು ನಮ್ಮ ಬೀದಿಯ ತುದಿಯ ಬೇಕರಿಯಲ್ಲಿದ್ದ. ಆ ಬೇಕರಿ ಮುಚ್ಚಿದಾಗ, ಅವನ ಕೈರುಚಿ ಗೊತ್ತಿದ್ದ ಒಬ್ಬ ದೊಡ್ಡ ಅಡುಗೆಯವರು ಮೇಲಕ್ಕೆ ಕರೆದರು. ಎಷ್ಟು ಮೇಲಕ್ಕೆ ಎಂದು ಮಾವ ಕೇಳಿಕೊಳ್ಳಲಿಲ್ಲ. ಕೇಳಿದ್ದರೆ ಹೋಗುತ್ತಿರಲಿಲ್ಲ.

ಕೆಲಸದವರ ಲಿಫ್ಟು ಕಬ್ಬಿಣದ ಪೆಟ್ಟಿಗೆ, ಕಿಟಕಿಯಿಲ್ಲ. ಅದು ಹೋಗಿ ತೆರೆದುಕೊಳ್ಳುವುದು ಸೀದಾ ಅಡುಗೆಮನೆಯೊಳಕ್ಕೆ. ಅಡುಗೆಮನೆಗೂ ಕಿಟಕಿಯಿಲ್ಲ. ಬಿಸಿ, ಹಿಟ್ಟು, ಪಾತ್ರೆ ಸದ್ದು. ಒಳಗಿದ್ದವನಿಗೆ ನೆಲಮಾಳಿಗೆಯಾದರೂ ಒಂದೇ, ನಲವತ್ತನೇ ಮಹಡಿಯಾದರೂ ಒಂದೇ. ತಾರಸಿಗೆ ಹೋಗುವ ಬಾಗಿಲಿಗೆ ಮಾತ್ರ ತಲೆಯ ಎತ್ತರದಲ್ಲಿ ತಟ್ಟೆಯಗಲದ ಒಂದು ದುಂಡು ಗಾಜಿತ್ತು. ಮಾವ ಮೊದಲ ದಿನವೇ ಅದನ್ನು ನೋಡಿ, ತನ್ನ ಹಿಟ್ಟು ನಾದುವ ಮೇಜನ್ನು ತಿರುಗಿಸಿಕೊಂಡು ಅದಕ್ಕೆ ಬೆನ್ನು ಹಾಕಿ ನಿಂತ. ಹತ್ತು ಹನ್ನೆರಡು ವರ್ಷ ಹಾಗೆಯೇ ನಿಂತ.

ಇಷ್ಟೇ ಆಗಿದ್ದರೆ ಕಥೆಯೇ ಇರುತ್ತಿರಲಿಲ್ಲ. ಮಾವನ ಕಾಲು ಎಷ್ಟು ಹೇಡಿಯೋ ನಾಲಿಗೆ ಅಷ್ಟೇ ಧೈರ್ಯಶಾಲಿ. ಕೆಲಸಕ್ಕೆ ಸೇರಿದ ಮಾರನೆಯ ಬೆಳಿಗ್ಗೆ ಅತ್ತೆ ಕಾಫಿ ಕೊಡುತ್ತಾ, "ಮೇಲಿಂದ ಊರು ಹೇಗೆ ಕಾಣ್ಸುತ್ರೀ?" ಎಂದು ಕೇಳಿದಳಂತೆ. ಅತ್ತೆ ದರ್ಜಿ. ಅವಳ ಹೊಲಿಗೆ ಯಂತ್ರ ಕಿಟಕಿಯ ಪಕ್ಕದಲ್ಲಿದೆ. ಕಿಟಕಿಯಾಚೆ, ಕೈ ಚಾಚಿದರೆ ಸಿಗುವಷ್ಟು ದೂರದಲ್ಲಿ, ಪಕ್ಕದ ಮನೆಯ ಗೋಡೆ; ಗೋಡೆಯ ಮೇಲೊಂದು ಕೊಳವೆ. ಮದುವೆಯಾಗಿ ಬಂದ ದಿನದಿಂದ ಅವಳು ಆ ಗೋಡೆಯನ್ನೇ ನೋಡುತ್ತಾ ಪೆಡಲು ತುಳಿದಿದ್ದಾಳೆ. "ನಿಮ್ಮತ್ತೆ ಮುಖ ನೋಡಿದೆ, ಆ ಗೋಡೆ ನೋಡಿದೆ. 'ನಾನು ಹೊರಗೆ ಕಾಲಿಡಲಿಲ್ಲ ಕಣೇ' ಅನ್ನೋಕೆ ಬಾಯಿ ಬರಲಿಲ್ಲ" ಎಂದು ಮಾವ ಆಮೇಲೆ ನನಗೆ ಹೇಳಿದ. ಅವತ್ತು ಅವನ ಬಾಯಿಗೆ ಬಂದದ್ದು, "ಚಾಪೆ ಹಾಸಿದ ಹಾಗೆ ಇದೆ ಕಣೇ ಊರು!"

ಅಲ್ಲಿಂದ ಶುರು. ದಿನಾ ಬೆಳಿಗ್ಗೆ ಕಾಫಿಯ ಜೊತೆ ಒಂದು ನೋಟ. ಇವತ್ತು ಮೋಡ ಬಂದು ಮೇಜಿನ ಮೇಲೇ ಕೂತಿತ್ತು. ಇವತ್ತು ರೈಲು ಇರುವೆ ಸಾಲಿನ ಹಾಗೆ ಹೋಯಿತು. ಬರಬರುತ್ತಾ ಧೈರ್ಯ ಹೆಚ್ಚಾಗಿ ಸಮುದ್ರವನ್ನೂ ತಂದಿಟ್ಟ. ಸುಳ್ಳು ಹೇಳುವವನಿಗೆ ನೆನಪು ಚೆನ್ನಾಗಿರಬೇಕು ಎನ್ನುತ್ತಾರೆ, ಮಾವನಿಗೆ ಅದೊಂದಿರಲಿಲ್ಲ. "ಮೊನ್ನೆ ಸಮುದ್ರ ಎಡಗಡೆ ಅಂದಿದ್ರಿ, ಇವತ್ತು ಬಲಗಡೆ ಅಂತೀರಲ್ಲ?" ಎಂದು ಅತ್ತೆ ಹಿಡಿದರೆ, "ಮೊನ್ನೆ ನಾನು ಆ ಕಡೆ ತಿರುಗಿದ್ದೆ, ನಿನ್ನೆ ಈ ಕಡೆ ತಿರುಗಿದ್ದೆ" ಎಂದು ಕಾಫಿ ಹೀರುತ್ತಿದ್ದ. ಅತ್ತೆ ಒಪ್ಪಿಕೊಳ್ಳುತ್ತಿದ್ದಳು. ಒಪ್ಪಿಕೊಂಡದ್ದಷ್ಟೇ ಅಲ್ಲ, ಬಟ್ಟೆ ಹೊಲಿಸಲು ಬಂದವರಿಗೆಲ್ಲ ಅಳತೆ ತೆಗೆಯುತ್ತಾ ಆ ಊರನ್ನು ವರ್ಣಿಸುತ್ತಿದ್ದಳು. "ನಮ್ಮೆಜಮಾನ್ರು ದಿನಾ ನೋಡ್ತಾರೆ" ಎನ್ನುವಾಗ ಅವಳ ಕತ್ತು ಒಂದಿಷ್ಟು ಉದ್ದವಾಗುತ್ತಿತ್ತು.

ಓದು ಮುಗಿಸಿ ನಾನು ಅವರ ಮನೆಗೆ ಬಂದಾಗ, ಮಾವನೇ ಹೇಳಿ ನನ್ನನ್ನೂ ಮೇಲೆ ಬಡಿಸುವ ಕೆಲಸಕ್ಕೆ ಸೇರಿಸಿದ. ಮೊದಲ ಸಂಜೆ ತಟ್ಟೆಗಳ ಹೊರೆ ಹಿಡಿದು ಆ ಬಾಗಿಲನ್ನು ಭುಜದಿಂದ ನೂಕಿ ಹೊರಗೆ ಕಾಲಿಟ್ಟೆ. ಕಾಲಿಟ್ಟವಳು ಅಲ್ಲೇ ನಿಂತುಬಿಟ್ಟೆ. ಹುಟ್ಟಿದಾಗಿನಿಂದ ಇದೇ ಊರಲ್ಲಿದ್ದೇನೆ, ಇದು ಇಷ್ಟಿದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಎತ್ತ ತಿರುಗಿದರೂ ಮುಗಿಯುತ್ತಿಲ್ಲ. ಕೆಳಗಿನ ಗದ್ದಲ ಮೇಲೆ ಬರುವಷ್ಟರಲ್ಲಿ ಸೋಸಿಹೋಗಿ, ದೂರದಲ್ಲೆಲ್ಲೋ ಯಾರೋ ಮಾತಾಡಿಕೊಳ್ಳುತ್ತಿರುವಂತೆ ಕೇಳಿಸುತ್ತಿತ್ತು. ಒಂದು ಹದ್ದು ನನ್ನ ಕಾಲಿನ ಕೆಳಗೆ ತೇಲುತ್ತಾ ಹೋಯಿತು. ಹದ್ದಿನ ಹೊಟ್ಟೆಯನ್ನು ಎಲ್ಲರೂ ನೋಡಿರುತ್ತಾರೆ. ಬೆನ್ನು ನೋಡಿದವರು ಎಷ್ಟು ಮಂದಿ? ತಟ್ಟೆ ಜಾರಿ ಬೀಳದಿದ್ದದ್ದು ನನ್ನ ಪುಣ್ಯ.

"ಮಾವ ದಿನಾ ಎಲ್ಲಿ ನಿಂತು ನೋಡೋದು?" ಎಂದು ನನ್ನ ಜೊತೆ ಬಡಿಸುತ್ತಿದ್ದವನನ್ನು ಕೇಳಿದೆ. ಅವನು ನಕ್ಕು ನಕ್ಕು ಕಣ್ಣು ಒರೆಸಿಕೊಂಡ. ಅಡುಗೆಮನೆಯಲ್ಲಿ ಮಾವನ ಅಡ್ಡಹೆಸರು "ನೆಲಮಾಳಿಗೆ ಸಾಹೇಬ್ರು" ಎಂದು ನನಗೆ ಅವತ್ತೇ ಗೊತ್ತಾದದ್ದು.

ಒಳಗೆ ಹೋಗಿ ಮಾವನ ಎದುರು ಸೊಂಟಕ್ಕೆ ಕೈಕೊಟ್ಟು ನಿಂತೆ. ಅವನು ಇಂಗು ತಿಂದ ಮಂಗನ ಹಾಗೆ ನನ್ನನ್ನು ನೋಡಿದ. "ನಿಮ್ಮತ್ತೆಗೆ ಹೇಳ್ಬೇಡ ಮಗಾ" ಎಂದ. ಆಮೇಲೆ ಹಿಟ್ಟಿನ ಕೈ ಒರೆಸಿಕೊಳ್ಳುತ್ತಾ, ಮೆಲ್ಲಗೆ, "ಇವತ್ತು ಹೊರಗೆ ಏನಿತ್ತು?" ಎಂದು ಕೇಳಿದ. ಕೋಪ ಬಂದಿತ್ತು, ಆದರೂ ಹದ್ದಿನ ಬೆನ್ನಿನ ವಿಷಯ ಹೇಳಿಬಿಟ್ಟೆ. ಮಾರನೆಯ ಬೆಳಿಗ್ಗೆ ಕಾಫಿಯ ಹೊತ್ತಿಗೆ ಆ ಒಂದು ಹದ್ದು ಹನ್ನೆರಡಾಗಿತ್ತು. ಅತ್ತೆ ಕೈಯಲ್ಲಿದ್ದ ಸೂಜಿ ಮರೆತು ಕೇಳುತ್ತಿದ್ದಳು. ಆ ಮುಖ ನೋಡಿ ನಾನೂ ಬಾಯಿ ಮುಚ್ಚಿಕೊಂಡೆ.

ನಮ್ಮ ಕೆಲಸದವರ ಏಪ್ರನ್ನುಗಳನ್ನು ಹೊಲಿಯುವುದು ಅತ್ತೆಯೇ. ಒಂದು ದಿನ ಅವನ್ನು ಒಯ್ಯಲು ಬಂದ ನನ್ನ ಜೊತೆಯವನು, "ನಾಳಿದ್ದು ಬರ್ತೀರಲ್ಲಮ್ಮ? ಹೋಟೆಲಿನ ಯಜಮಾನರು ಎಲ್ಲರ ಮನೆಯವ್ರನ್ನೂ ಕರೆದಿದ್ದಾರೆ. ಗಿರಾಕಿಗಳು ಬರೋ ಮುಂಚೆ, ಸಂಜೆ ಹೊತ್ತು. ತಿಂದ್ಕೊಂಡು, ಊರು ನೋಡ್ಕೊಂಡು ಹೋಗಬಹುದು" ಎಂದ. ಮಾವ ಆ ಸುದ್ದಿಯನ್ನು ವಾರದಿಂದ ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದ.

ಅತ್ತೆ ಯಂತ್ರ ನಿಲ್ಲಿಸಿದಳು. ಅವಳಿಗೆ ಕೋಪ ಬರಲಿಲ್ಲ, ಬಂದಿದ್ದರೆ ಒಳ್ಳೆಯದಿತ್ತು. ಖುಷಿಯಾಯಿತು. "ನನಗೆ ಆಶ್ಚರ್ಯ ಮಾಡ್ಬೇಕು ಅಂತ ಮುಚ್ಚಿಟ್ಟಿದ್ರಾ?" ಎಂದು ಮಾವನನ್ನು ಕೇಳಿದಳು. ಮಾವ ಹೂಂ ಎಂದ. ಎನ್ನದೆ ಇನ್ನೇನು ಮಾಡುತ್ತಾನೆ?

ಆ ಎರಡು ದಿನ ಮಾವನಿಗೆ ಊಟ ಸೇರಲಿಲ್ಲ. "ಮೇಲೆ ಹೋದ್ರೆ ಅವಳು ನನ್ನ ಕೈ ಹಿಡ್ಕೊಂಡು 'ತೋರ್ಸಿ' ಅಂತಾಳೆ. ನಾನು ಏನು ತೋರಿಸ್ಲಿ?" ಎಂದು ನನ್ನ ಹತ್ತಿರ ಗೋಳಾಡಿದ. "ಈಗಲೇ ನಿಜ ಹೇಳಿಬಿಡು" ಎಂದೆ. "ಹೇಳಿದ್ರೆ ಇಷ್ಟು ವರ್ಷದ ಬೆಳಿಗ್ಗೆ ಅಷ್ಟೂ ಸುಳ್ಳಾಗಿ ಹೋಗುತ್ತಲ್ಲೇ" ಎಂದ. ಅವನ ಹೆದರಿಕೆ ಏನೆಂದು ಆಗ ನನಗೆ ಸರಿಯಾಗಿ ಅರ್ಥವಾಯಿತು. ಬೈಸಿಕೊಳ್ಳುವುದು ಅವನಿಗೆ ಹೊಸದಲ್ಲ. ಆ ಬೆಳಗುಗಳಷ್ಟೇ ಅತ್ತೆಗೆ ಅವನು ಕೊಟ್ಟ ಆಸ್ತಿ.

ಆ ಸಂಜೆ ಅತ್ತೆ ತಾನೇ ಹೊಲಿದ ಹೊಸ ಬಟ್ಟೆ ತೊಟ್ಟಳು. "ಹಿಟ್ಟು ಕಲೆಸಿಟ್ಟಿದೀನಿ" ಎಂದು ನೆಪ ಹೇಳಿ ಮಾವ ಹಿಂದಿನ ಲಿಫ್ಟಿಗೆ ಓಡಿದ. ನಾವಿಬ್ಬರೂ ಗಿರಾಕಿಗಳ ಲಿಫ್ಟು ಹತ್ತಿದೆವು. ಅದರ ಒಂದು ಪಕ್ಕ ಪೂರ್ತಿ ಗಾಜು. ಮೊದಲು ಮರದ ತುದಿಗಳು ಕೆಳಗಿಳಿದವು, ಆಮೇಲೆ ಮನೆಗಳ ಮಾಳಿಗೆಗಳು, ಆಮೇಲೆ ಎತ್ತರದ್ದೆಂದು ನಾವು ತಿಳಿದಿದ್ದ ಕಟ್ಟಡಗಳೆಲ್ಲ ಒಂದೊಂದಾಗಿ ಕುಳ್ಳಾದವು. ಅತ್ತೆ ನನ್ನ ತೋಳು ಹಿಡಿದದ್ದು ಹೆದರಿಕೆಗಲ್ಲ. ಬಾಲ್ಯದಲ್ಲಿ ನಾವು ಗೆಳತಿಯನ್ನು "ನೋಡೇ, ನೋಡೇ" ಎಂದು ಜಗ್ಗುತ್ತಿದ್ದೆವಲ್ಲ, ಹಾಗೆ.

ಮೇಲೆ ಇಳಿದವಳು ಸೀದಾ ಗಾಜಿನ ಗೋಡೆಯ ಹತ್ತಿರ ಹೋದಳು. ಅಲ್ಲಿ ಮಾವನನ್ನು ಕೆಲಸಕ್ಕೆ ಕರೆದಿದ್ದ ದೊಡ್ಡ ಅಡುಗೆಯವರು ನಿಂತಿದ್ದರು. ಅತ್ತೆ ನಮಸ್ಕಾರ ಹೇಳಿ ಕೇಳಿದ ಮೊದಲ ಮಾತು, "ಸಮುದ್ರ ಯಾವ ಕಡೆ ಸರ್?"

"ಸಮುದ್ರಾನಾ? ಇಲ್ಲಿಂದ ಒಂದು ರಾತ್ರಿ ಪೂರ್ತಿ ರೈಲಲ್ಲಿ ಹೋಗ್ಬೇಕಮ್ಮ. ಯಾರು ಹೇಳಿದ್ದು?"

"ನಮ್ಮೆಜಮಾನ್ರು. ದಿನಾ ನೋಡ್ತಾರಲ್ಲ."

ಪಾಪ, ಆ ಮನುಷ್ಯನಿಗೇನು ಗೊತ್ತು? ಜೋರಾಗಿ ನಕ್ಕುಬಿಟ್ಟರು. "ಅವ್ರಾ? ಸೇರಿದಾಗಿನಿಂದ ಒಂದು ದಿನಾನೂ ಆ ಬಾಗಿಲು ದಾಟಿಲ್ಲ! ಎತ್ತರ ಅಂದ್ರೆ ಜೀವ ಬಾಯಿಗೆ ಬರುತ್ತೆ ಅವ್ರಿಗೆ" ಎಂದು ಹೇಳಿ, ಯಾರೋ ಕರೆದರೆಂದು ಆ ಕಡೆ ಹೋದರು.

ಅತ್ತೆ ನನ್ನ ಕಡೆ ತಿರುಗಿದಳು. "ನಿನಗೆ ಗೊತ್ತಿತ್ತಾ?"

ನಾನು ತಲೆ ತಗ್ಗಿಸಿದೆ.

ಅವಳು ಮತ್ತೆ ಊರಿನ ಕಡೆ ತಿರುಗಿ, ಗಾಜಿನ ಅಂಚಿನ ಮೇಲೆ ಎರಡೂ ಕೈ ಇಟ್ಟು ನಿಂತಳು. ಹಿಂದೆ ತಿರುಗಿ ನೋಡಿದೆ: ಬಾಗಿಲ ದುಂಡು ಗಾಜಿನಲ್ಲಿ ಮಾವನ ಮುಖ. ಜೀವಮಾನದಲ್ಲಿ ಮೊದಲ ಸಲ ಅವನು ಆ ಗಾಜಿನಿಂದ ಹೊರಗೆ ನೋಡುತ್ತಿದ್ದ. ನೋಡುತ್ತಿದ್ದದ್ದು ಊರನ್ನಲ್ಲ, ಅತ್ತೆಯ ಬೆನ್ನನ್ನು. ನಗಿಸುವವರು ಹೆದರಿದಾಗ ನೋಡಲಾಗುವುದಿಲ್ಲ, ನನಗೆ ಸಂಕಟವಾಯಿತು.

ಅಷ್ಟರಲ್ಲಿ ಆಕಾಶ ಬೇರೆಯಾಗತೊಡಗಿತು. ಊರಿನ ಒಂದು ಮೂಲೆಯಲ್ಲಿ ಮಳೆ ಬರುತ್ತಿತ್ತು. ಬೂದು ಬಣ್ಣದ ಪರದೆಯೊಂದು ಮನೆಗಳ ಮೇಲೆ ನಿಧಾನವಾಗಿ ಸರಿಯುತ್ತಿದ್ದದ್ದು ಕಣ್ಣಿಗೇ ಕಾಣುತ್ತಿತ್ತು. ಇನ್ನೊಂದು ಮೂಲೆಯಲ್ಲಿ ಹೊಳೆಹೊಳೆಯುವ ಇಳಿಬಿಸಿಲು. ಇಲ್ಲಿ ಒಬ್ಬಳು ಬಟ್ಟೆ ಒಳಗೆ ತರಲು ಓಡುತ್ತಿರುವಾಗಲೇ ಅಲ್ಲೊಬ್ಬಳು ಬಟ್ಟೆ ಒಣಹಾಕುತ್ತಿರಬೇಕು, ಒಬ್ಬರ ಸುದ್ದಿ ಒಬ್ಬರಿಗಿಲ್ಲ. ನಡುವೆ ಬೀದಿದೀಪಗಳು ಒಂದೊಂದು ಬೀದಿಯಾಗಿ ಹೊತ್ತಿಕೊಳ್ಳುತ್ತಾ ನಮ್ಮ ಕಡೆಗೇ ಬರುತ್ತಿದ್ದವು. ದಿನಾ ನೋಡುವ ನನಗೇ ಮೈ ಜುಮ್ಮೆಂದಿತು. ಎಷ್ಟು ಲಕ್ಷ ಜನ, ಎಷ್ಟು ಅಡುಗೆಮನೆ, ಎಷ್ಟು ಜಗಳ, ಎಷ್ಟು ತೊಟ್ಟಿಲು! ಅದೆಲ್ಲದರ ಮೇಲೆ, ಅದೆಲ್ಲವನ್ನೂ ಮುಚ್ಚಿ ಇನ್ನೂ ಮಿಕ್ಕುವಷ್ಟು ಆಕಾಶ.

ಅತ್ತೆ ಕಣ್ಣು ಒರೆಸಿಕೊಂಡಳು. ಆಮೇಲೆ ತಿರುಗಿ, ಮೇಜು ಕುರ್ಚಿಗಳ ನಡುವೆ ದಡದಡನೆ ನಡೆದು ಹೋಗಿ ಆ ಬಾಗಿಲು ತೆಗೆದಳು. ಮಾವ ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು ನಿಂತಿದ್ದ.

"ತಪ್ಪಾಯ್ತು ಕಣೇ. ಎಲ್ಲಾ ಸುಳ್ಳು ಹೇಳ್ದೆ" ಎಂದ.

"ಸುಳ್ಳು ಹೇಳಿದ್ದು ಹಾಳಾಗ್ಲಿ!" ಎಂದಳು ಅತ್ತೆ. "ಹೇಳೋದು ಹೇಳಿದ್ರಿ, ಇಷ್ಟು ಕಮ್ಮಿ ಯಾಕೆ ಹೇಳಿದ್ರಿ? ಚಾಪೆಯಂತೆ, ಇರುವೆಯಂತೆ! ಇಲ್ಲದ ಸಮುದ್ರ ತಂದಿಟ್ರಿ, ಇರೋ ಆಕಾಶಾನೇ ಬಿಟ್ಬಿಟ್ರಲ್ರೀ! ಇಷ್ಟಿದೆ ಅಂತ ಯಾಕೆ ಹೇಳ್ಲಿಲ್ಲ?"

ಮಾವ ಅವಳನ್ನೇ ನೋಡಿದ. "ನಂಗೆ ಗೊತ್ತಿರ್ಲಿಲ್ಲ ಕಣೇ" ಎಂದ.

ಅಷ್ಟು ಮೆಲ್ಲಗೆ ಅವನು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಅತ್ತೆಯ ಕೋಪ ಅಲ್ಲೇ ಇಳಿಯಿತು. ಅವಳು ಗೋಡೆ ನೋಡುತ್ತಾ ಕೂತಿದ್ದಳು ನಿಜ. ಇವನು ಇಷ್ಟು ವರ್ಷ ಇದರ ಪಕ್ಕದಲ್ಲೇ, ಒಂದು ಬಾಗಿಲಿನ ಈಚೆ ನಿಂತು, ಅವಳಿಗಿಂತ ಕಮ್ಮಿ ನೋಡಿದ್ದ.

"ಬನ್ನಿ" ಎಂದಳು.

"ಆಗಲ್ಲ ಕಣೇ."

"ಊರು ನೋಡ್ಬೇಡಿ. ನನ್ನ ಮುಖ ನೋಡ್ಕೊಂಡು ಬನ್ನಿ."

ಅವನ ಎರಡೂ ಹಿಟ್ಟಿನ ಕೈಗಳನ್ನು ಹಿಡಿದುಕೊಂಡು ಅವಳು ಹಿಂದುಹಿಂದಕ್ಕೆ ಹೆಜ್ಜೆ ಇಡತೊಡಗಿದಳು, ಮಗುವಿಗೆ ನಡಿಗೆ ಕಲಿಸುವವರ ಹಾಗೆ. ನಲವತ್ತು ಮಹಡಿಯ ಅಂಚಿಗೆ ಬೆನ್ನು ಮಾಡಿ ಹಿಂದಕ್ಕೆ ನಡೆಯಲು ನನ್ನಿಂದಾಗದು. ಅವಳು ಒಮ್ಮೆಯೂ ತಿರುಗಿ ನೋಡಲಿಲ್ಲ. ಮಾವನ ಕಾಲು ತೆರೆದ ತಾರಸಿಯ ಮೇಲೆ ಬಿದ್ದಾಗ ಅವನ ಮುಖದಲ್ಲಿ ರಕ್ತವಿರಲಿಲ್ಲ. ಗಾಳಿ ಬೀಸಿ ಮೈ ಮೇಲಿನ ಹಿಟ್ಟು ಹೊಗೆಯ ಹಾಗೆ ಹಾರಿತು. ನಡುವೆ ಎರಡು ಸಲ ನಿಂತ. ಎರಡು ಸಲವೂ ಅತ್ತೆ ಎಳೆಯಲಿಲ್ಲ, ಕಾದಳು. ಬಂದವರೆಲ್ಲ ಮಾತು ನಿಲ್ಲಿಸಿ ಕುರ್ಚಿ ಸರಿಸಿ ದಾರಿ ಬಿಟ್ಟರು. "ನೆಲಮಾಳಿಗೆ ಸಾಹೇಬ್ರು" ಎಂದು ಯಾರೂ ಅನ್ನಲಿಲ್ಲ.

ಅತ್ತೆಯ ಬೆನ್ನು ಗಾಜಿಗೆ ತಗುಲಿತು. "ಈಗ ಕೆಳಗೆ ನೋಡ್ಬೇಡಿ, ದೂರ ನೋಡಿ" ಎಂದು ಹೇಳಿ, ಒಂದು ಕೈಯನ್ನು ಬಿಡದೆ, ಪಕ್ಕಕ್ಕೆ ಸರಿದಳು.

ಅವಳ ಮುಖವಿದ್ದ ಜಾಗದಲ್ಲಿ ಈಗ ಪೂರ್ತಿ ಊರಿತ್ತು. ಅಷ್ಟೊತ್ತಿಗೆ ದೀಪಗಳೆಲ್ಲ ಹತ್ತಿದ್ದವು. ಮಾವನ ಬಾಯಿ ತೆರೆದುಕೊಂಡಿತು, ಹಾಗೆಯೇ ಮುಚ್ಚಿಕೊಂಡಿತು. ಅತ್ತೆ, ರೂಢಿಬಲದಿಂದಲೋ ಏನೋ, ಕೇಳಿದಳು:

"ಹೇಗಿದೆ ಹೇಳ್ರೀ."

"ತಡಿ ಕಣೇ" ಎಂದ ಮಾವ, ಕಣ್ಣು ಕೀಳದೆ. "ಇನ್ನೂ ನೋಡ್ತಾ ಇದೀನಿ."